ಮರು: ತುರ್ತು: ಸುಡಾನಿನದು ‘ಬರ’ವೋ ‘ಕ್ಷಾಮ’ವೋ?

> ಸುಡಾನಿನ ಫೋಟೋ ಪ್ರದರ್ಶನದ ಫಲಕಗಳು ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕು. ‘ಫ್ಯಾಮಿನ್’ ಅಂತ ಇರುವ ಕಡೆಯೆಲ್ಲ ‘ಬರ’ ಅಂತ ಹಾಕಿದ್ದೇನೆ. ನಡೆಯುತ್ತಾ?

ನಡೆಯೋದಿಲ್ಲ. ದಯವಿಟ್ಟು ಇವತ್ತೇ ತಿದ್ದಿ.

ಹಿಂದೊಮ್ಮೆ ನಾನೂ ಇದೇ ತಪ್ಪು ಮಾಡಿದ್ದೆ. ಪಶ್ಚಿಮ ಸುಡಾನಿನ ದಾರ್ಫುರ್‌ನಲ್ಲಿ ಮನೆಮಠ ಬಿಟ್ಟು ಬಂದ ಜನರಿದ್ದ ಜಮ್‌ಜಮ್ ಶಿಬಿರದ ಬಗ್ಗೆ ಒಂದು ಬರಹ ಅನುವಾದಿಸುವಾಗ ‘ಭೀಕರ ಬರ’ ಅಂತ ಬರೆದೆ. ಅದನ್ನು ಓದಿದ ನಮ್ಮೂರಿನ ರೈತರೊಬ್ಬರು ಫೋನ್ ಮಾಡಿದರು. “ಅಲ್ಲಿ ಎಷ್ಟು ವರ್ಷದಿಂದ ಮಳೆ ಹೋಗಿದೆ?” ಅಂತ ಮೊದಲೇ ಕೇಳಿದರು. ಮಳೆ ಎಲ್ಲೂ ಹೋಗಿರಲಿಲ್ಲ. ಜಮ್‌ಜಮ್‌ನಲ್ಲಿ ಕ್ಷಾಮ ಇದೆ ಎಂದು ತಜ್ಞರ ಸಮಿತಿ ಹೇಳಿದ್ದು 2024ರ ಆಗಸ್ಟ್ 1ರಂದು. ದಾರ್ಫುರ್‌ನಲ್ಲಿ ಅದು ಮಳೆಗಾಲ. ಅದೇ ತಿಂಗಳು ಸುಡಾನಿನಲ್ಲಿ ನೆರೆ ಬಂದು ಪೋರ್ಟ್ ಸುಡಾನ್ ಹತ್ತಿರದ ಅರ್ಬಾತ್ ಅಣೆಕಟ್ಟು ಒಡೆಯಿತು. ನನ್ನ ಒಂದು ಪದದಿಂದ ಆ ರೈತರು ಆಕಾಶವನ್ನು ದೂರಿದರು. ನನಗೆ ಇವತ್ತಿಗೂ ಅದು ಚುಚ್ಚುತ್ತದೆ.

ಆಗಿದ್ದೇನು? 2023ರ ಏಪ್ರಿಲ್ 15ರಿಂದ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಯುದ್ಧ. ಆರ್‌ಎಸ್‌ಎಫ್ ಜಮ್‌ಜಮ್ ಹತ್ತಿರದ ಎಲ್ ಫಾಶರ್ ಊರನ್ನು ಮುತ್ತಿ ಕೂತಿತು. ಇತ್ತ ಸೇನೆಯ ಕಡೆಯ ಸರ್ಕಾರ ನೆರವಿನ ಲಾರಿಗಳು ಬರುವ ಚಾಡ್ ಗಡಿಯ ಅದ್ರೇ ದಾರಿಯನ್ನು 2024ರ ಫೆಬ್ರವರಿಯಲ್ಲಿ ಮುಚ್ಚಿಸಿ, ಆಗಸ್ಟ್ ಮಧ್ಯದಲ್ಲಷ್ಟೇ ತೆರೆಯಿತು. ಮುಂದಿನ ವರ್ಷ ಎಲ್ ಫಾಶರ್‌ನ ಜನ ‘ಅಂಬಾಜ್’ ತಿಂದು ದಿನ ದೂಡಿದರು. ಅಂಬಾಜ್ ಅಂದರೆ ಎಣ್ಣೆ ತೆಗೆದ ಮೇಲೆ ಉಳಿಯುವ ಶೇಂಗಾ ಹಿಂಡಿ. ನಾವು ಎಮ್ಮೆಗೆ ನೆನೆಸಿಡುತ್ತೇವಲ್ಲ, ಅದೇ. ನಿಮ್ಮ ಫಲಕದಲ್ಲಿ ಅದರ ಚಿತ್ರ ಇದ್ದರೆ ‘ಪಶು ಆಹಾರ’ ಅಂತ ಹಾಕಬೇಡಿ, ‘ಹಿಂಡಿ’ ಅನ್ನಿ. ಓದಿದವರಿಗೆ ಕೂಡಲೇ ಮೂಗಿಗೆ ವಾಸನೆ ಬರುತ್ತದೆ.

> ಬರ ಅಚ್ಚಗನ್ನಡ, ಕ್ಷಾಮ ಸಂಸ್ಕೃತ. ಚರ್ಚೆ ಮುಗಿಯಿತು.

ಮುಗಿದಿಲ್ಲ. ‘ಬರ’ ಹಿಂದೆ ಶಕಟರೇಫದ, ಅಂದರೆ ಹಳಗನ್ನಡದ ‘ಱ’ ಅಕ್ಷರದ, ‘ಬಱ’. ಬತ್ತುವುದು, ಒಣಗುವುದೇ ಅದರ ಬೇರು. ತಮಿಳಿನ ‘ವಱಟ್ಚಿ’ ಅದರ ನೆಂಟ, ನಮ್ಮ ‘ಬರಡು’ ಅದೇ ಮನೆಯದು. ‘ದುಡ್ಡಿಗೆ ಬರ, ಒಳ್ಳೆಯವರಿಗೆ ಬರ’ ಅಂತಲೂ ಆಡುತ್ತೇವೆ ಅಂತ ಇನ್ನೊಬ್ಬರು ಬರೆದಿದ್ದಾರೆ. ನಿಜ. ಆದರೆ ಯಾವ ಕಡೆ ತಿರುಗಿಸಿದರೂ ಆ ಪದಕ್ಕೆ ‘ಇಲ್ಲ’ ಅಂತ ಹೇಳೋದು ಗೊತ್ತು, ‘ಯಾರು ತಡೆದರು’ ಅಂತ ಹೇಳೋದು ಗೊತ್ತಿಲ್ಲ. ನಮ್ಮ ಹಿರಿಯರ ಬಾಯಲ್ಲಿದ್ದ ಧಾತು ಈಶ್ವರ ಬರವನ್ನೇ ನೋಡಿ, 1876ರಿಂದ 78ರದ್ದು. ಆಗ ಮಳೆ ಕೈಕೊಟ್ಟಿದ್ದು ನಿಜವೇ. ಆದರೆ ಅದೇ ವರ್ಷಗಳಲ್ಲಿ ಈ ದೇಶದಿಂದ ಇಂಗ್ಲೆಂಡಿಗೆ ಗೋಧಿ ಹಡಗು ಹತ್ತುತ್ತಿತ್ತು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನ 1881ರ ಹೊತ್ತಿಗೆ ಸುಮಾರು 42 ಲಕ್ಷ. ಸಂವತ್ಸರದ ಹೆಸರು ಜನರ ನೆನಪಲ್ಲಿ ಉಳಿಯಿತು, ಹಡಗು ಉಳಿಯಲಿಲ್ಲ.

‘ಕ್ಷಾಮ’ಕ್ಕೆ ಸಂಸ್ಕೃತದಲ್ಲಿ ಸೊರಗಿದ, ಬಡಕಲಾದ ಎಂಬ ಅರ್ಥ ಇದೆ. ಮೈ ನೋಡಿ ಹುಟ್ಟಿದ ಪದ ಅದು. ಇನ್ನೊಂದು ಕಾರಣವೂ ಇದೆ. ಹಸಿವಿನ ಬಗ್ಗೆ ತಜ್ಞರು ಕೊಡುವ ವರದಿಗಳಲ್ಲಿ ‘ಫ್ಯಾಮಿನ್’ ಸುಮ್ನೆ ಬಳಸುವ ಮಾತಲ್ಲ. ಕಡಿಮೆಯೆಂದರೂ ನೂರಕ್ಕೆ 20 ಮನೆಗಳಲ್ಲಿ ಊಟಕ್ಕೆ ತೀರಾ ಕೊರತೆ ಇರಬೇಕು, ನೂರಕ್ಕೆ 30 ಮಕ್ಕಳು ತೀವ್ರ ಅಪೌಷ್ಟಿಕತೆಯಲ್ಲಿರಬೇಕು, 10,000 ಜನಕ್ಕೆ ದಿನಕ್ಕೆ ಇಬ್ಬರು ಹಸಿವಿನಿಂದಲೋ, ಅಪೌಷ್ಟಿಕತೆ ಜೊತೆಗೆ ಬಂದ ರೋಗದಿಂದಲೋ ಸಾಯುತ್ತಿರಬೇಕು. ಆಗಲೇ ಆ ಹೆಸರು. ಇಷ್ಟು ಅಳೆದು ಇಟ್ಟ ಹೆಸರಿಗೆ ದಿನಾ ಆಡುವ ‘ಬರ’ ಸಾಲದು.

> ‘ಸ್ಟಾರ್ವೇಷನ್’ಗೆ ‘ಹಸಿಯಿಸುವಿಕೆ’ ಅಂತ ಟಂಕಿಸೋಣ.

ಬೇಡ. ಯಾರೂ ಆಡದ ಮಾತು. ‘ಉಪವಾಸ ಕೆಡವು’ ಇರುವಾಗ ಹೊಸದು ಯಾಕೆ? ಬರೀ ‘ಉಪವಾಸ’ ಅಂದರೆ ಏಕಾದಶಿ ನೆನಪಾಗುತ್ತದೆ, ಅದು ನಾವಾಗಿ ಮಾಡುವುದು. ‘ಸೊಸೇನ ಮೂರು ದಿನ ಉಪವಾಸ ಕೆಡವಿದರು’ ಅಂದಾಗ ಮಾತು ಬೇರೆಯೇ. ಮನೆಯಲ್ಲಿ ಅಕ್ಕಿ ಇತ್ತು, ಬೀಗದ ಕೈ ಯಾರ ಸೊಂಟದಲ್ಲಿತ್ತು ಅಂತಲೂ ಗೊತ್ತಾಗುತ್ತದೆ. ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯದ ರೋಮ್ ಶಾಸನ ಯುದ್ಧಾಪರಾಧ ಅನ್ನುವುದು, ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2018ರ ಮೇ ತಿಂಗಳ 2417ನೇ ನಿರ್ಣಯದಲ್ಲಿ ಖಂಡಿಸಿದ್ದು, ಯುದ್ಧದಲ್ಲಿ ಜನರನ್ನು ಹೀಗೆ ಉಪವಾಸ ಕೆಡವುವುದನ್ನೇ.

> ಉಪವಾಸವೂ ಸಂಸ್ಕೃತವೇ ಅಲ್ವಾ?

ಹೌದು. ಗೋಧಿ ಸಂಸ್ಕೃತದಿಂದ ಬಂತು, ಜಮೀನು ಪಾರ್ಸಿಯಿಂದ ಬಂತು. ಆ ಜಮೀನಲ್ಲಿ ಆ ಗೋಧಿ ಬಿತ್ತುವವರು ಕನ್ನಡವನ್ನೇ ಆಡುತ್ತಾರೆ. ನಮ್ಮಜ್ಜಿಯ ಬಾಯಲ್ಲಿ ಅದು ‘ಉಪಾಸ’ ಆಗಿತ್ತು. ಎರವಲು ಪದಗಳ ಜಗಳಕ್ಕೆ ಬೇರೆ ಎಳೆ ತೆರೆಯಿರಿ, ಅಲ್ಲಿಗೆ ಬರುತ್ತೇನೆ. ಇಲ್ಲಿ ಒಬ್ಬರು ಮುದ್ರಣಕ್ಕೆ ಕಾಯುತ್ತಿದ್ದಾರೆ.

ಫಲಕಕ್ಕೆ ನನ್ನ ಸಾಲು: “ಜಮ್‌ಜಮ್‌ನಲ್ಲಿ ಕ್ಷಾಮ: ದಾರಿ ಮುಚ್ಚಿ ಜನರನ್ನು ಉಪವಾಸ ಕೆಡವಿದರು.” ಇನ್ನೊಂದು, ಲಾರಿಗಳ ಚಿತ್ರದ ಕೆಳಗೆ ‘ಪರಿಹಾರ ಸಾಮಗ್ರಿ’ ಅಂತಿದೆ. ‘ಪರಿಹಾರ’ ಅಂದರೆ ನಮ್ಮವರಿಗೆ ಬೆಳೆ ಹೋದ ಮೇಲೆ ಸರ್ಕಾರ ಕೊಡುವ ಹಣ. ‘ನೆರವು’ ಅಂತ ಹಾಕಿ. ‘ಕ್ಷಾಮ’ ‘ಕ್ಷೇಮ’ ಆಗದ ಹಾಗೆ ಪ್ರೂಫ್ ಇನ್ನೊಮ್ಮೆ ನೋಡಬೇಕು, ರಾತ್ರಿ ಕಳಿಸಿಕೊಡಿ. 11ರವರೆಗೆ ಎದ್ದಿರುತ್ತೇನೆ.