ಟರ್ಬೊ ತಣ್ಣಗಾಗುವ ತನಕ

"ಇಳಿಯಪ್ಪ ತಿಪ್ಪೇಶಿ. ಮಂಜ ಒಳಗೆ ಬೆಣ್ಣೆ ದೋಸೆ ಹೇಳಿ ಆಗಲೇ ಕೈ ಬೀಸ್ತಿದ್ದಾನೆ. ಆರಿದ ಮೇಲೆ ಅದು ದೋಸೆನಾ?"

"ಎರಡು ನಿಮಿಷ ತಡಿ ಕೊಟ್ರೇಶಿ. ಎಂಜಿನ್ ಈಗಲೇ ಆಫ್ ಮಾಡಂಗಿಲ್ಲ. ಟರ್ಬೊ ತಣ್ಣಗಾಗಬೇಕು."

ಏಪ್ರಿಲ್ ತಿಂಗಳ ದಾವಣಗೆರೆ. ತಿಪ್ಪೇಶಿಯ ಹಳೇ ಟಾಟಾ ಸಿಯೆರಾ ಕಾರಿನ ಹಿಂದಿನ ಗಾಜು ಚಾವಣಿಯವರೆಗೂ ಬಾಗಿಕೊಂಡಿದೆ. ನೋಡೋಕೆ ಬಲು ಚಂದ, ತೆಗೆಯೋಕೆ ಬರಲ್ಲ. ಹಿಂದೆ ಕೂತವರಿಗೆ ಬೇರೆ ಬಾಗಿಲೂ ಇಲ್ಲ. ನಾನು ಕೂತಿದ್ದ ಮುಂದಿನ ಎಡಗಡೆ ಸೀಟು ತುಕ್ಕು ಹಿಡಿದು ಮಡಚುವುದನ್ನು ಬಿಟ್ಟಿದೆ. ತಿಪ್ಪೇಶಿ ಇಳಿದರೆ ಮಾತ್ರ ಕೊಟ್ರೇಶಿಗೆ ಬಿಡುಗಡೆ. ಎಸಿ ಹಾಕಿದರೆ ಎಂಜಿನ್‌ಗೆ ಭಾರವಂತೆ.

"ತೊಂಬತ್ತರ ದಶಕದ ಟರ್ಬೊ ಡೀಸೆಲ್ ಕಣೋ ಇದು. ಹುಡುಕಿದರೂ ಸಿಗಲ್ಲ. ಸೈಲೆನ್ಸರ್ ಕಡೆ ಹೋಗೋ ಹೊಗೆಯ ರಭಸಕ್ಕೇ ಒಂದು ಚಕ್ರ ತಿರುಗುತ್ತೆ. ಅದೇ ಟರ್ಬೊ. ನಿಮಿಷಕ್ಕೆ ಲಕ್ಷ ಸುತ್ತು! ಅದು ಗಾಳಿ ಒತ್ತಿ ಎಂಜಿನ್‌ಗೆ ತುಂಬುತ್ತೆ. ಓಡಿ ಬಂದ ಗಾಡೀನ ತಟ್ಟನೆ ನಿಲ್ಲಿಸಿದರೆ ಆಯಿಲ್ ಅಲ್ಲೇ ಸುಟ್ಟು ಕರಿ ಕಟ್ಟುತ್ತೆ."

"ನನ್ನ ಲಾರಿಗೂ ಟರ್ಬೊ ಇದೆ. ಮೆಕ್ಕೆಜೋಳ ಹೊರುತ್ತೆ. ಅದರ ಮುಂದೆ ನಿಂತು ಯಾರೂ ಫೋಟೊ ತೆಗೆಸ್ಕೊಂಡಿಲ್ಲಪ್ಪ."

"ಲಾರಿ ಮಾತು ಬಿಡು. 1973ರ ಬಿಎಂಡಬ್ಲ್ಯು '2002 ಟರ್ಬೊ' ಗೊತ್ತಾ? 2002 ಅಂದ್ರೆ ಇಸವಿ ಅಲ್ಲ, ಮಾಡೆಲ್ ಹೆಸರು. ಒಟ್ಟು 1,672 ಕಾರು ಅಷ್ಟೇ. ಮುಂಭಾಗದಲ್ಲಿ 'ಟರ್ಬೊ' ಅಂತ ಉಲ್ಟಾ ಬರೆದಿದ್ದರು. ಮುಂದೆ ಹೋಗೋನು ಕನ್ನಡಿಯಲ್ಲಿ ಓದಿ ದಾರಿ ಬಿಡಬೇಕು!"

"ನಾವು ಹಾರ್ನ್ ಹೊಡಿ ಅಂತ ಹಿಂದೆ ಬರೀತೀವಿ. ಅವರು ಮುಂದೆ ಬರೆದರು. ಅದಕ್ಕೆ ಅದು ಕ್ಲಾಸಿಕ್ಕು, ಇದು ಲಾರಿ."

ತಿಪ್ಪೇಶಿ ಸೋಲುವವನಲ್ಲ. "1962ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕೇಳು. ಅದರ ಟರ್ಬೊ ಎಂಜಿನ್‌ಗೆ ನೀರು, ಮೆಥನಾಲ್ ಅನ್ನೋ ಆಲ್ಕೋಹಾಲ್ ಬೆರೆಸಿ ಕುಡಿಸಬೇಕಿತ್ತು."

"ಅದಕ್ಕೂ ಕ್ವಾರ್ಟರ್ ಬೇಕಿತ್ತು ಅನ್ನು."

"ಜನ ತುಂಬಿಸೋಕೆ ಮರೀತಿದ್ದರು."

"ಕಾರಿಗೆ ಮರೀತಿದ್ದರು. ತಮಗೆ ಮರೀತಿದ್ರಾ?"

ಒಳಗಿಂದ ಮಂಜ ಖಾಲಿ ತಟ್ಟೆ ಎತ್ತಿ ತೋರಿಸಿದ. ಒಂದು ದೋಸೆ ಮುಗಿಸಿದ್ದಾನೆ ಅಂತ ಅರ್ಥ. ಯಾರದ್ದು ಅಂತ ಗೊತ್ತಾಗಲಿಲ್ಲ.

ಕೊಟ್ರೇಶಿ ಟವೆಲ್‌ನಿಂದ ಕುತ್ತಿಗೆ ಒರೆಸಿಕೊಂಡ. "ಅಲ್ಲಲೇ, ನಿನ್ನ ಹೆಂಡತಿ ಸ್ಕೂಲು ಮುಗಿಸಿ ಮೆಟ್ಟಿಲು ಹತ್ತುವಾಗಲೇ 'ಕಾಫಿ' ಅಂತೀಯಲ್ಲ. ಆ ತಾಯಿಗೆ ಎಷ್ಟು ನಿಮಿಷ ಐಡ್ಲಿಂಗ್ ಬಿಡ್ತೀಯ?"

ತಿಪ್ಪೇಶಿ ಮೀಟರ್ ನೋಡುತ್ತಾ ಕೂತ.

"ನಮ್ಮಪ್ಪ ಹತ್ತಿ ಮಿಲ್ಲಿನಿಂದ ಬಂದು ಕಟ್ಟೆ ಮೇಲೆ ಸುಮ್ನೆ ಕೂರ್ತಿದ್ದ. ಅಂಗಿ ತುಂಬಾ ಅರಳೆ. 'ಯಾರೂ ಮಾತಾಡಿಸಬೇಡ್ರಿ' ಅಂತ ಅವ್ವ ನಮ್ಮನ್ನ ಒಳಗೆ ಕರೀತಿದ್ದಳು. ಆಗ ಈ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು. ಆಮೇಲೆ ಮಿಲ್ಲು ಮುಚ್ಚಿದರು ನೋಡು. ಆವತ್ತು ಯಾರೂ ಎರಡು ನಿಮಿಷ ಕೊಡಲಿಲ್ಲ. ಒಂದೇ ಸಲಕ್ಕೆ ಆಫ್."

ಎಂಜಿನ್ ಗುರುಗುಟ್ಟುತ್ತಿತ್ತು. ನಮಗೆ ಏನು ಹೇಳಬೇಕೋ ತಿಳಿಯಲಿಲ್ಲ. ತಿಪ್ಪೇಶಿಯೇ ಮೆಲ್ಲಗೆ ಕೇಳಿದ:

"ಹಾಗಾದರೆ ಇನ್ನೆರಡು ನಿಮಿಷ ಜಾಸ್ತೀನೇ ಬಿಡಲೇನೋ?"

"ಟರ್ಬೊ ಮನೆ ಹಾಳಾಗ! ಇಳಿಯಲೇ ಮೊದಲು, ಇಲ್ಲಿ ನಾನೇ ಕರಿ ಕಟ್ತಿದ್ದೀನಿ."