‘ಪರ್ ಲೆನ್ಸ್’: ಲೆನ್ಸೋ, ಮಸೂರವೋ, ಗಾಜೋ?

ಅಮೆರಿಕದಲ್ಲಿ ಮೆಡಿಕೇರ್ (ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ) ಇರುವ ಕನ್ನಡಿಗ ಹಿರಿಯರಿಗಾಗಿ ಕನ್ನಡಕದ ಬಿಲ್ಲಿನಲ್ಲಿ ಒಂದೊಂದು ವಸ್ತುವಿಗೂ ಹಾಕುವ ‘ವಿ’ ಕೋಡ್‌ಗಳ ವಿವರಣೆಯನ್ನು ಕನ್ನಡಕ್ಕೆ ತರುವಾಗ ‘ಲೆನ್ಸ್’ ಪದವೇ ತೊಡಕಾಗಿದೆ.

ಪೊರೆ ಆಪರೇಷನ್ ಆದವರು ‘ಲೆನ್ಸ್ ಹಾಕಿಸಿಕೊಂಡೆ’ ಅಂದರೆ ಅದು ಕಣ್ಣಿನೊಳಗೆ ಕೂರಿಸಿದ್ದು. ಕೋಡ್ ಸಾಮಾನ್ಯವಾಗಿ ವಿ2632. ಕಾಂಟ್ಯಾಕ್ಟ್ ಲೆನ್ಸ್‌ಗೆ ವಿ2500ರಿಂದಾಚೆಯ ಸಾಲು. ಕನ್ನಡಕದ್ದು ವಿ2100ರಿಂದ ಶುರು. ಮೆಡಿಕೇರ್ ಮಾಮೂಲಿ ಕನ್ನಡಕಕ್ಕೆ ಹಣ ಕೊಡುವುದಿಲ್ಲ. ಕಣ್ಣೊಳಗೆ ಲೆನ್ಸ್ ಕೂರಿಸಿದ ಪೊರೆ ಆಪರೇಷನ್ ಆದ ಮೇಲೆ ಒಂದು ಜೊತೆ ಕನ್ನಡಕಕ್ಕೆ ಕೊಡುತ್ತದೆ. ಹಾಗಾಗಿ ಒಂದೇ ವಾಕ್ಯದಲ್ಲಿ ಎರಡು ‘ಲೆನ್ಸ್’ ಬಂದು, ಓದುವವರಿಗೆ ಯಾವುದಕ್ಕೆ ಹಣ ಬಂತೆಂದೇ ತಿಳಿಯುವುದಿಲ್ಲ.

‘ಕನ್ನಡಕದ ಗಾಜು’ ಕಿವಿಗೆ ಹಿತ, ಆದರೆ ವಿ2784ರಲ್ಲಿ ‘ಪಾಲಿಕಾರ್ಬೊನೇಟ್ ಗಾಜು’ ಅಂತ ಬರೆಯಬೇಕಾಗುತ್ತದೆ. ಅದು ತಪ್ಪು, ಪಾಲಿಕಾರ್ಬೊನೇಟ್ ಒಂದು ಪ್ಲಾಸ್ಟಿಕ್. ಹಾಗಾಗಿ ಕನ್ನಡಕದ್ದಕ್ಕೆ ‘ಮಸೂರ’, ಕಣ್ಣೊಳಗಿನದಕ್ಕೆ ‘ಒಳಲೆನ್ಸ್’ ಎಂದು ಬೇರ್ಪಡಿಸುವುದು ನನ್ನ ಒಲವು. ಮಸೂರ ಶಾಲೆಯ ಪುಸ್ತಕದಿಂದ ಎಲ್ಲರಿಗೂ ಗೊತ್ತು.

ಇನ್ನು ಮಸೂರದ ಕೋಡ್‌ಗಳ ವಿವರಣೆಯ ಕೊನೆಯಲ್ಲಿ ಬರುವ ‘ಪರ್ ಲೆನ್ಸ್’ನ ‘ಪರ್’. ನಮ್ಮ ‘ಕನ್ನಡಕ’ ಒಂದೇ ವಸ್ತು, ಫ್ರೇಮ್ ಸಮೇತ. ಬಿಲ್ಲಿನಲ್ಲಿ ಫ್ರೇಮ್ ವಿ2020, ಮಸೂರಗಳು ಬಲಗಣ್ಣಿಗೊಂದು, ಎಡಗಣ್ಣಿಗೊಂದು. ಬಲಕ್ಕೆ +1.50, ಸಿಲಿಂಡರ್ (ಒಂದು ದಿಕ್ಕಿಗೆ ಮಾತ್ರ ಸೇರುವ ಪವರ್) −0.75 ಇದ್ದು ಎಡಕ್ಕೆ −2.00 ಮಾತ್ರ ಇದ್ದರೆ, ಸಿಂಗಲ್ ವಿಷನ್‌ನಲ್ಲಿ (ಮಸೂರದ ತುಂಬ ಒಂದೇ ಪವರ್) ಬಲಕ್ಕೆ ವಿ2103, ಎಡಕ್ಕೆ ವಿ2100. ‘ಒಂದು ಜೊತೆಗೆ’ ಎಂದು ಅನುವಾದಿಸಿದರೆ ಎರಡು ಕೋಡ್ ಏಕೆಂದು ವಿವರಿಸಲಾಗದು. ‘ಒಂದೊಂದು ಮಸೂರಕ್ಕೆ’ ಸರಿಯಿರಬಹುದೇ? ‘ಪ್ರತಿ ಮಸೂರಕ್ಕೆ’ ಕಚೇರಿ ಭಾಷೆಯಂತಿದೆ.

ವಿ2103ರಲ್ಲಿರುವ ‘ಸ್ಫೆರೋಸಿಲಿಂಡರ್’ ಬಗ್ಗೆಯೂ ಕೇಳಬೇಕು. ‘ಗೋಳ-ಸಿಲಿಂಡರ್’ ಅನ್ನಬಹುದು, ಅಂಗಡಿಯಲ್ಲೂ ‘ಸಿಲಿಂಡರ್ ಪವರ್’ ಅಂತಲೇ ಹೇಳುತ್ತಾರೆ. ಆದರೆ ‘ಗೋಳದ ಪವರ್’ ಎಂದರೆ ಕಣ್ಣಿನ ಡಾಕ್ಟರು ಕೊಟ್ಟ ಕಾಗದದಲ್ಲಿ ಮೊದಲು ಬರೆದಿರುವ ಅಂಕಿ ಎಂದು ಸ್ಪಷ್ಟಪಡಿಸಲೇಬೇಕು. −3.50 −1.00 × 180 ಮತ್ತು −4.50 +1.00 × 90 (ಗೋಳ, ಸಿಲಿಂಡರ್, ಸಿಲಿಂಡರ್‌ನ ಕೋನ), ಎರಡೂ ಒಂದೇ ಮಸೂರ. ಬರೆಯುವ ರೀತಿ ಬೇರೆ, ಅಷ್ಟೇ. ಮೊದಲಿನದರಲ್ಲಿ ಗೋಳ ವಿ2103ರ ಮಿತಿಯಾದ 4.00ರ ಒಳಗಿದೆ, ಎರಡನೆಯದರಲ್ಲಿ ದಾಟಿದೆ. ಕೋಡ್ ಹುಡುಕುವವರು ಅಂಕಿಯನ್ನು ಹಾಗೇ ನೋಡಿದರೆ ಒಂದು ವಿ2103, ಇನ್ನೊಂದು ವಿ2107 ಆಗಿಬಿಡುತ್ತದೆ. ‘ನಂಬರ್’ ಎಂಬ ಆಡುಮಾತು ಇಲ್ಲಿ ಸಾಲದು, ಅದರಲ್ಲಿ ಗೋಳ, ಸಿಲಿಂಡರ್ ಎರಡೂ ಸೇರಿಹೋಗುತ್ತವೆ.

‘ಪ್ಲೇನೊ’ಗೆ ‘ಪವರ್ ಸೊನ್ನೆ’ ಸಾಕು. ‘ಬೈಫೋಕಲ್’ಗೆ (ದೂರಕ್ಕೂ ಹತ್ತಿರಕ್ಕೂ ಒಂದೇ ಮಸೂರ) ಪಠ್ಯದ ‘ದ್ವಿಸಂಗಮ’ ಬಳಸೋಣವೇ, ಅಥವಾ ಅಂಗಡಿಯ ಪದವನ್ನೇ ಉಳಿಸೋಣವೇ?