ಬಾರ್ಬಡೋಸ್‌ನಲ್ಲಿ ಬಾಡಿಗೆ ಕಾರು: ಎಡಗಡೆ ಓಡಿಸೋದು ಮರೆತೇಹೋಗಿದೆ, ತಗೊಳ್ಳಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಏಪ್ರಿಲ್‌ನಲ್ಲಿ ಒಂದು ವಾರ ಬಾರ್ಬಡೋಸ್‌ಗೆ ಹೊರಟಿದ್ದೇವೆ, ಜೊತೆಗೆ ಅಪ್ಪ ಅಮ್ಮ, ಪುಟ್ಟ ಮಗಳು. ಕಾರು ಕಲಿತದ್ದು ಮೈಸೂರಿನಲ್ಲೇ, ಆದರೆ ಹನ್ನೊಂದು ವರ್ಷದಿಂದ ಬಲಗಡೆಯೇ ಅಭ್ಯಾಸ. ಟ್ಯಾಕ್ಸಿಯೇ ಸಾಕಾ? ಕ್ರೆಡಿಟ್ ಕಾರ್ಡ್‌ನಲ್ಲಿ ಇನ್ಶೂರೆನ್ಸ್ ಇದೆ, ಬೇರೆ ಬೇಕಾ?

ಉತ್ತರ: ನಾನು ಇದೇ ದ್ವೀಪದಲ್ಲಿ ಬಾಡಿಗೆ ಕಾರಿನ ಕೌಂಟರ್ ನೋಡಿಕೊಳ್ಳುವವನು. ಹಿರಿಯರಿದ್ದಾರೆ ಅಂದಮೇಲೆ ಕಾರೇ ಒಳ್ಳೆಯದು. ದ್ವೀಪದ ಉದ್ದ ಬರೀ 34 ಕಿ.ಮೀ., ಆದರೆ ಟ್ಯಾಕ್ಸಿಗೆ ಮೀಟರ್ ಇಲ್ಲ. ದಿನಾ ದುಡ್ಡು ಮಾತಾಡಿ ಹತ್ತಬೇಕು.

ಎಡಗಡೆ ಅರ್ಧ ದಿನದಲ್ಲಿ ನೆನಪಾಗುತ್ತದೆ. ಕಾಡುವುದು ಕೈ. ಇಲ್ಲಿನ ಜಪಾನಿ ಕಾರುಗಳಲ್ಲಿ ಇಂಡಿಕೇಟರ್ ಬಲಗೈ ಕಡೆ. ಅಮೆರಿಕದಿಂದ ಬಂದವರು ತಿರುವಿನಲ್ಲಿ ಬಿಸಿಲಲ್ಲೇ ವೈಪರ್ ಆಡಿಸುತ್ತಾರೆ, ನಾವು ಕೌಂಟರಿನಿಂದಲೇ ಗುರುತು ಹಿಡಿಯುತ್ತೇವೆ. ಬಾಡಿಗೆ ಕಾರಿನ ನಂಬರ್ ಪ್ಲೇಟ್ 'ಎಚ್' ಅಕ್ಷರದಿಂದ ಶುರುವಾಗುತ್ತದೆ, ಹಾಗಾಗಿ ಊರಿನವರೂ ಸ್ವಲ್ಪ ಸಹಿಸಿಕೊಳ್ಳುತ್ತಾರೆ.

ಇನ್ನೊಂದು ವಿಷಯ, ಮೈಸೂರಿನ ಒಂದು ಅಭ್ಯಾಸ ಬಿಡಬೇಕು. ನಮ್ಮೂರಲ್ಲಿ ಎದುರಿನವನು ಲೈಟ್ ಹೊಡೆದರೆ 'ನಾನು ಬರ್ತಿದ್ದೀನಿ, ನಿಲ್ಲು' ಅಂತ ಅಲ್ವಾ? ಇಲ್ಲಿ ಅದು 'ನೀನು ಹೋಗಪ್ಪಾ' ಅಂತ. ಬೆಂಗಳೂರಿನಿಂದ ಬಂದಿದ್ದ ಒಬ್ಬರು ಸಂದಿರಸ್ತೆಯ ಬಾಯಲ್ಲಿ ಸುಮ್ನೆ ನಿಂತುಬಿಟ್ಟಿದ್ದರು. ಎದುರಿನ ವ್ಯಾನಿನವನು ಲೈಟ್ ಹೊಡೆದಷ್ಟೂ ಇವರು ಬ್ರೇಕ್ ಒತ್ತಿ ಹಿಡಿದಿದ್ದರಂತೆ. ದಾರಿ ಬಿಟ್ಟವರಿಗೆ ಒಂದು ಸಣ್ಣ ಹಾರ್ನ್ ಹೊಡೆಯಿರಿ, ಅದೇ ಥ್ಯಾಂಕ್ಸ್.

ವೃತ್ತಗಳು ಜಾಸ್ತಿ. ಬಲದಿಂದ ಬರುವವರಿಗೆ ಮೊದಲು ದಾರಿ. ವೇಗದ ಬೋರ್ಡು ಕಿಲೋಮೀಟರ್‌ನಲ್ಲಿ, ಮೈಲಿ ಅಂದುಕೊಳ್ಳಬೇಡಿ. 'ಝಡ್ ಆರ್' ಪ್ಲೇಟಿನ ಶೇರ್ ಟ್ಯಾಕ್ಸಿ ವ್ಯಾನ್ ಮುಂದಿದ್ದರೆ ದೂರ ಇರಿ, ಕೈ ಅಡ್ಡ ಮಾಡಿದ ಕಡೆಯೆಲ್ಲ ನಿಲ್ಲಿಸುತ್ತಾನೆ. ಏಪ್ರಿಲ್ ಕಬ್ಬು ಕಡಿಯುವ ಕಾಲ. ಗದ್ದೆಯಿಂದ ಬರುವ ಟ್ರ್ಯಾಕ್ಟರಿನ ಮಣ್ಣು ಟಾರಿನ ಮೇಲೆ ಬಿದ್ದಿರುತ್ತದೆ, ನಾಲ್ಕು ಹನಿ ಮಳೆ ಬಂದರೆ ಜಾರುತ್ತದೆ. ಮಂಡ್ಯದ ಕಡೆ ಓಡಿಸಿದ್ದರೆ ಗೊತ್ತಿರುತ್ತದೆ.

ಇನ್ಶೂರೆನ್ಸ್: ಕಾರ್ಡ್ ಸಾಮಾನ್ಯವಾಗಿ ಬಾಡಿಗೆ ಕಾರಿನ ಡ್ಯಾಮೇಜ್ ಮಾತ್ರ ನೋಡಿಕೊಳ್ಳುತ್ತದೆ. ಬೇರೆಯವರಿಗೆ ಏಟಾದರೆ ಅದು ಬೇರೆ ಲೆಕ್ಕ. ಹೊರಡುವ ಮೊದಲು ಕಾರ್ಡಿನವರಿಗೆ ಫೋನ್ ಮಾಡಿ, ಬಾರ್ಬಡೋಸ್ ಅಂತಲೇ ಹೇಳಿ, ಇಮೇಲ್‌ನಲ್ಲಿ ಉತ್ತರ ತರಿಸಿಕೊಳ್ಳಿ. ಕಂಪನಿ ಕೊಡುವ ಕವರ್‌ನಲ್ಲೂ ಎಷ್ಟೋ ಸಲ ಟೈರು, ಗಾಜು ಸೇರುವುದಿಲ್ಲ. ಕಾರು ತಗೊಳ್ಳುವಾಗ ವೀಡಿಯೊ ಮಾಡಿ, ಎಡಗಡೆಯ ಎರಡು ಚಕ್ರದ ರಿಮ್ ಬಿಡಬೇಡಿ. ಅಂಚಿಗೆ ಉಜ್ಜುವುದು ಅದೇ. ಪ್ರವಾಸಿಗರ ಡ್ರೈವಿಂಗ್ ಪರ್ಮಿಟ್ ನಮ್ಮಂಥ ಕೌಂಟರಿನಲ್ಲೇ ಸಿಗುತ್ತದೆ, ನಿಮ್ಮ ಲೈಸೆನ್ಸ್ ತಂದರೆ ಸಾಕು.

ಬಾಗಿಲೇ ಇಲ್ಲದ ಮೋಕ್ ಕಾರು ಫೋಟೋದಲ್ಲಿ ಚೆಂದ. ಅಮ್ಮನನ್ನು ಕೂರಿಸಬೇಡಿ.

ಇನ್ನೊಬ್ಬರು: ನಾವು ವರ್ಜಿನ್ ಐಲೆಂಡ್ಸ್‌ನ ಸೇಂಟ್ ಥಾಮಸ್ ದ್ವೀಪಕ್ಕೆ ಹೋಗ್ತಿದ್ದೇವೆ. ಅಲ್ಲೂ ಇದೇನಾ?

ಉತ್ತರ: ಅಲ್ಲಿ ಇನ್ನೂ ತಮಾಷೆ ಮೇಡಂ. ಅಮೆರಿಕದ್ದೇ ಜಾಗ, ಅಮೆರಿಕದ್ದೇ ಕಾರು, ಸ್ಟೀರಿಂಗ್ ಎಡಕ್ಕೆ. ಆದರೆ ಓಡಿಸೋದೂ ಎಡಗಡೆ. ನೀವು ರಸ್ತೆಯ ಅಂಚಿಗೆ ಕೂತಿರುತ್ತೀರಿ, ಎದುರಿನ ವಾಹನ ಮೊದಲು ಕಾಣುವುದು ಪಕ್ಕದ ಸೀಟಿನವರಿಗೆ. ಓವರ್‌ಟೇಕ್ ಯೋಚನೆ ಬಿಡಿ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಸರ್. ವಿಮಾನ ಇಳಿಯೋದು ರಾತ್ರಿ ಒಂಬತ್ತಕ್ಕೆ. ಅಲ್ಲೇ ಕಾರು ತಗೊಳ್ಳಲಾ?

ಉತ್ತರ: ಬೇಡ. ಆ ರಾತ್ರಿ ಟ್ಯಾಕ್ಸಿ ಹಿಡಿಯಿರಿ. ಬೆಳಿಗ್ಗೆ ಹೋಟೆಲ್‌ಗೇ ಕಾರು ತಂದುಕೊಡುವವರು ಬೇಕಾದಷ್ಟು ಜನ ಇದ್ದಾರೆ, ಬುಕ್ ಮಾಡುವಾಗಲೇ ಹೇಳಿ.